ರಕ್ತದೊತ್ತಡದ ಔಷಧಗಳೂ ಹೃದಯದ ಊಟವೂ

ಇಂಗ್ಲೆಂಡಿನ ಟೆಡಿಂಗ್‌ಟನ್ ಎಂಬ ಊರಿನಲ್ಲಿ ಪಾದ್ರಿಯಾಗಿದ್ದ ಸ್ಟೀಫನ್ ಹೇಲ್ಸ್ ಎಂಬಾತನು ಒಮ್ಮೆ ಒಂದು ಹೆಣ್ಣುಕುದುರೆಯನ್ನು ಕೆಡವಿ ಕಟ್ಟಿಸಿ, ಅದರ ತೊಡೆಯ ಧಮನಿಯೊಳಕ್ಕೆ ಹಿತ್ತಾಳೆಯ ಸಣ್ಣ ಕೊಳವೆಯೊಂದನ್ನು ತೂರಿಸಿ, ಅದಕ್ಕೆ ಉದ್ದವಾದ ಗಾಜಿನ ನಳಿಗೆಯನ್ನು ಜೋಡಿಸಿದನು. ಕಟ್ಟನ್ನು ಸಡಿಲಿಸಿದೊಡನೆ ರಕ್ತವು ನಳಿಗೆಯಲ್ಲಿ ಏರುತ್ತ ಏರುತ್ತ ಎಂಟು ಅಡಿ ಮೂರು ಅಂಗುಲದ ಎತ್ತರಕ್ಕೆ ಹೋಗಿ ನಿಂತಿತು. ಅಲ್ಲಿಯೂ ಸುಮ್ಮನೆ ನಿಲ್ಲದೆ ಹೃದಯದ ಒಂದೊಂದು ಬಡಿತಕ್ಕೂ ಮೇಲೆ ಕೆಳಗೆ ಆಡುತ್ತಿತ್ತು. ಈ ಪ್ರಯೋಗದ ವಿವರಗಳನ್ನು ಅವನು ೧೭೩೩ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಪಾಪದ ಕುದುರೆಯ ಕಥೆ ಏನೇ ಇರಲಿ, ಧಮನಿಗಳಲ್ಲಿರುವ ರಕ್ತಕ್ಕೆ ಒತ್ತಡವೆಂಬುದೊಂದು ಉಂಟು, ಅದನ್ನು ಅಳೆಯಲೂ ಬಹುದು ಎಂಬುದು ಲೋಕಕ್ಕೆ ಮೊದಲು ತಿಳಿದದ್ದು ಹೀಗೆ.

ಇಂದು ವೈದ್ಯರು ನಮ್ಮ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ ೧೨೦, ೮೦ ಎಂದು ಎರಡು ಅಂಕಿಗಳನ್ನು ಬರೆದುಕೊಳ್ಳುತ್ತಾರಷ್ಟೆ. ಇವು ಪಾದರಸದ ಕಂಬದ ಎತ್ತರವನ್ನು ಮಿಲಿಮೀಟರುಗಳಲ್ಲಿ ಹೇಳುವ ಅಂಕಿಗಳು. ಹೇಲ್ಸನ ರೀತಿಯಲ್ಲಿ ಹೇಳುವುದಾದರೆ, ೧೨೦ ಎಂಬ ಒತ್ತಡವು ರಕ್ತವನ್ನು ಸುಮಾರು ಐದು ಅಡಿ ಎತ್ತರಕ್ಕೆ ಏರಿಸಬಲ್ಲುದು. ಹೃದಯವು ಸಂಕುಚಿತವಾಗಿ ರಕ್ತವನ್ನು ಹೊರದೂಡುವಾಗಿನ ಒತ್ತಡ ಮೇಲಿನ ಅಂಕಿ. ಇದಕ್ಕೆ ಆಕುಂಚನದ ಒತ್ತಡವೆಂದು ಹೆಸರು. ಹೃದಯವು ಸಡಿಲಗೊಂಡು ಮುಂದಿನ ಬಡಿತಕ್ಕಾಗಿ ರಕ್ತ ತುಂಬಿಕೊಳ್ಳುತ್ತಿರುವಾಗ ಧಮನಿಗಳಲ್ಲಿ ಉಳಿದಿರುವ ಒತ್ತಡ ಕೆಳಗಿನ ಅಂಕಿ. ಇದು ವ್ಯಾಕೋಚನದ ಒತ್ತಡ. ಸಾಮಾನ್ಯ ಜನರು ಮೇಲಿನ ಅಂಕಿಯನ್ನೇ ಹೆಚ್ಚಾಗಿ ನೆನಪಿನಲ್ಲಿಡುತ್ತಾರೆ. ನಮ್ಮ ಈ ಲೇಖನಕ್ಕೆ ಮಾತ್ರ ಕೆಳಗಿನ ಅಂಕಿಯೇ ಮುಖ್ಯವಾದುದು. ಕಾರಣವನ್ನು ತಿಳಿಯಬೇಕಾದರೆ, ಊರಿಗೆಲ್ಲ ರಕ್ತವನ್ನು ಬಡಿಸುವ ಹೃದಯವು ತಾನು ಊಟ ಮಾಡುವುದು ಯಾವಾಗ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಬೇಕು.

ಹೃದಯದ ಒಳಗೆ ಸದಾ ರಕ್ತ ತುಂಬಿರುತ್ತದೆ. ಹಾಗಿದ್ದರೂ ಅದರ ಗೋಡೆಯ ದಪ್ಪ ಮಾಂಸವು ಆ ರಕ್ತದಿಂದ ತನಗೆ ಬೇಕಾದುದನ್ನು ನೇರವಾಗಿ ಹೀರಿಕೊಳ್ಳಲಾರದು. ಒಳಮೈಯ ತೀರ ತೆಳುವಾದ ಒಂದು ಪದರವನ್ನು ಬಿಟ್ಟರೆ ಉಳಿದ ಮಾಂಸವೆಲ್ಲ ಬೇರೆಯ ನಾಳಗಳಿಂದಲೇ ಪೋಷಣೆ ಪಡೆಯಬೇಕು. ಮಹಾಧಮನಿಯು ಹೃದಯದಿಂದ ಹೊರಡುವ ಬುಡದಲ್ಲಿಯೇ ಎರಡು ಕವಲುಗಳು ಒಡೆದು, ಹೃದಯದ ಹೊರಮೈಯನ್ನು ಬಳಸಿಕೊಂಡು ಹಬ್ಬಿವೆ. ಕಿರೀಟದಂತೆ ಸುತ್ತುವರಿದಿರುವುದರಿಂದ ಇವುಗಳಿಗೆ ಕಿರೀಟ ಧಮನಿಗಳೆಂದು ಹೆಸರು. ಇವುಗಳ ಅಗಲ ಮೂರು ನಾಲ್ಕು ಮಿಲಿಮೀಟರುಗಳಷ್ಟೇ. ಸುಮಾರು ೩೦೦ ಗ್ರಾಂ ತೂಗುವ ಹೃದಯವು ದೇಹದ ತೂಕದಲ್ಲಿ ಇನ್ನೂರರಲ್ಲಿ ಒಂದು ಪಾಲು. ಆದರೆ ವಿಶ್ರಾಂತಿಯಲ್ಲಿರುವಾಗ ಕೂಡ ತಾನು ಹೊರದೂಡುವ ರಕ್ತದ ಇಪ್ಪತ್ತರಲ್ಲಿ ಒಂದು ಪಾಲನ್ನು, ಎಂದರೆ ನಿಮಿಷಕ್ಕೆ ಸುಮಾರು ೨೫೦ ಮಿಲಿಲೀಟರನ್ನು, ತನಗಾಗಿ ಇಟ್ಟುಕೊಳ್ಳುತ್ತದೆ. ದುಡಿಯುವವನಿಗೆ ಹಸಿವು ಹೆಚ್ಚು.

ವಿಚಿತ್ರವಿರುವುದು ಇಲ್ಲಿಂದ ಮುಂದೆ. ಕಿರೀಟ ಧಮನಿಗಳ ಕೊನೆಯ ಕವಲುಗಳು ಹೃದಯದ ಮಾಂಸದೊಳಗೆ ಹುದುಗಿಕೊಂಡಿವೆ. ಎಡ ಹೃತ್ಕುಕ್ಷಿಯು ಬಲವಾಗಿ ಸಂಕುಚಿತವಾದಾಗ ತನ್ನೊಳಗಿನ ಈ ಕವಲುಗಳನ್ನು ತಾನೇ ಹಿಂಡಿಬಿಡುತ್ತದೆ. ಒದ್ದೆ ಬಟ್ಟೆಯನ್ನು ಹಿಂಡುತ್ತಿರುವಾಗ ಅದು ನೀರನ್ನು ಹೀರಲಾರದಷ್ಟೆ? ಹಾಗೆಯೇ ಆಕುಂಚನದ ಹೊತ್ತಿನಲ್ಲಿ ಎಡ ಹೃತ್ಕುಕ್ಷಿಯ ಗೋಡೆಗೆ, ಅದರಲ್ಲಿಯೂ ಗೋಡೆಯ ಒಳಪದರಕ್ಕೆ, ರಕ್ತ ಹರಿಯುವುದು ಬಹುಮಟ್ಟಿಗೆ ನಿಂತೇಹೋಗುತ್ತದೆ. ಮೈಯ ಉಳಿದ ಅಂಗಗಳಿಗೆ ರಕ್ತ ರಭಸದಿಂದ ನುಗ್ಗುವ ಗಳಿಗೆಯಲ್ಲಿಯೇ ಹೃದಯ ಉಪವಾಸ. ಅದು ಸಡಿಲಗೊಂಡ ಮೇಲೆ, ವ್ಯಾಕೋಚನದ ಕಾಲದಲ್ಲಿ, ಮಹಾಧಮನಿಯಲ್ಲಿ ಉಳಿದಿರುವ ಒತ್ತಡದಿಂದ ಕಿರೀಟ ಧಮನಿಗಳಲ್ಲಿ ರಕ್ತ ಹರಿಯುತ್ತದೆ. ಮದುವೆಯ ಮನೆಯಲ್ಲಿ ಬಡಿಸುವವರು ಪಂಕ್ತಿಯೆಲ್ಲ ಎದ್ದಮೇಲೆ ತಾವು ಎಲೆ ಹಾಕಿಕೊಂಡು ಕೂರುವುದಿಲ್ಲವೆ, ಹಾಗೆ.

ಈ ಊಟದ ಹೊತ್ತು ಎಷ್ಟು ದೀರ್ಘವೆಂಬುದನ್ನು ಲೆಕ್ಕ ಹಾಕಿ ನೋಡೋಣ. ನಾಡಿಯು ನಿಮಿಷಕ್ಕೆ ೭೫ ಸಲ ಬಡಿಯುತ್ತಿರುವಾಗ ಒಂದು ಬಡಿತಕ್ಕೆ ೦.೮ ಸೆಕೆಂಡು. ಇದರಲ್ಲಿ ಆಕುಂಚನಕ್ಕೆ ೦.೨೭ ಸೆಕೆಂಡು ಹೋದರೆ ವ್ಯಾಕೋಚನಕ್ಕೆ ೦.೫೩ ಸೆಕೆಂಡು ಉಳಿಯುತ್ತದೆ. ನಾಡಿಯ ವೇಗ ೨೦೦ಕ್ಕೆ ಏರಿದರೆ ಒಂದು ಬಡಿತಕ್ಕೆ ದೊರೆಯುವುದು ೦.೩ ಸೆಕೆಂಡು ಮಾತ್ರ. ಅದರಲ್ಲಿ ಆಕುಂಚನ ೦.೧೬, ವ್ಯಾಕೋಚನ ೦.೧೪. ಎರಡೂ ಕುಗ್ಗಿದುವು, ಆದರೆ ಸಮನಾಗಿ ಕುಗ್ಗಲಿಲ್ಲ. ಕೆಲಸದ ವೇಳೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ಉಳಿಯಿತು. ಊಟದ ವೇಳೆ ಕಾಲುಭಾಗಕ್ಕೆ ಇಳಿಯಿತು. ಇಡೀ ನಿಮಿಷಕ್ಕೆ ಗುಣಿಸಿದರೆ, ಮೊದಲು ೪೦ ಸೆಕೆಂಡುಗಳಷ್ಟು ಇದ್ದ ಊಟದ ಕಾಲ ಈಗ ೨೮ ಸೆಕೆಂಡಿಗೆ ಬಂದಿದೆ. ದುಡಿಮೆಯ ಕಾಲ ೨೦ರಿಂದ ೩೨ಕ್ಕೆ ಏರಿದೆ. ನಾಡಿ ವೇಗವಾದಷ್ಟೂ ಹೃದಯದ ಹಸಿವು ಹೆಚ್ಚುತ್ತದೆ, ಉಣ್ಣುವ ಬಿಡುವು ಕಡಿಮೆಯಾಗುತ್ತದೆ.

ಆರೋಗ್ಯವಂತನಿಗೆ ಇದರಿಂದ ಯಾವ ಬಾಧೆಯೂ ಇಲ್ಲ. ಹೃದಯದ ಕಿರುಧಮನಿಗಳು ಬೇಕೆಂದಾಗ ಅಗಲವಾಗಿ, ರಕ್ತದ ಹರಿವನ್ನು ಮೂರು ನಾಲ್ಕು ಪಟ್ಟು ಹೆಚ್ಚಿಸಿಕೊಡುತ್ತವೆ. ಒತ್ತಡ ಇಳಿದರೂ ಅಷ್ಟೆ: ಮಹಾಧಮನಿಯ ಸರಾಸರಿ ಒತ್ತಡ ೧೪೦ರಿಂದ ಸುಮಾರು ೬೦ರವರೆಗೆ ಇಳಿಯುತ್ತ ಹೋದರೂ ಈ ಕಿರುಧಮನಿಗಳು ತಕ್ಕಂತೆ ಹಿಗ್ಗಿ, ಹರಿವನ್ನು ಹೆಚ್ಚು ಕಡಿಮೆ ಒಂದೇ ಸಮನಾಗಿ ಇಡುತ್ತವೆ. ಅದಕ್ಕೂ ಕೆಳಗೆ ಹೋದರೆ ಹಿಗ್ಗುವ ಶಕ್ತಿ ಮುಗಿಯುತ್ತದೆ. ಆಮೇಲೆ ಒತ್ತಡ ಇಳಿದಷ್ಟೂ ಹರಿವು ಇಳಿಯುತ್ತದೆ. ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡಬೇಕು. ದೇಹದ ಇತರ ಅಂಗಗಳು ಸರಾಸರಿಯಲ್ಲಿ ತಮಗೆ ಬಂದ ರಕ್ತದಿಂದ ಆಮ್ಲಜನಕದ ಕಾಲುಭಾಗವನ್ನಷ್ಟೇ ತೆಗೆದುಕೊಂಡು ಉಳಿದುದನ್ನು ಹಿಂದಕ್ಕೆ ಕಳುಹಿಸುತ್ತವೆ. ಕಷ್ಟಕಾಲದಲ್ಲಿ ಅವು ಇನ್ನಷ್ಟು ಹೀರಬಹುದು. ಹೃದಯವಾದರೋ ವಿಶ್ರಾಂತಿಯಲ್ಲಿಯೇ ನೂರಕ್ಕೆ ಎಪ್ಪತ್ತು ಪಾಲನ್ನು ಹೀರಿಬಿಟ್ಟಿರುತ್ತದೆ. ಆದ್ದರಿಂದ ಹೆಚ್ಚು ಆಮ್ಲಜನಕ ಬೇಕಾದರೆ ಅದಕ್ಕೆ ಹೆಚ್ಚು ರಕ್ತವೇ ಬೇಕು, ಬೇರೆ ದಾರಿಯಿಲ್ಲ.

ಇನ್ನು ರಕ್ತದೊತ್ತಡ ಏರಿದವನ ಹೃದಯದ ಪಾಡನ್ನು ನೋಡೋಣ. ಹೆಚ್ಚಿದ ಒತ್ತಡಕ್ಕೆ ಎದುರಾಗಿ ವರ್ಷಗಟ್ಟಲೆ ರಕ್ತವನ್ನು ನೂಕಬೇಕಾದುದರಿಂದ ಎಡ ಹೃತ್ಕುಕ್ಷಿಯ ಗೋಡೆಯು ಗರಡಿಯಾಳಿನ ತೋಳಿನಂತೆ ದಪ್ಪವಾಗುತ್ತದೆ. ಮಾಂಸ ಬೆಳೆದಷ್ಟು ಲೋಮನಾಳಗಳು ಬೆಳೆಯುವುದಿಲ್ಲ. ಒಳಪದರಕ್ಕೆ ರಕ್ತ ತಲಪುವುದು ಇನ್ನೂ ಕಷ್ಟವಾಗುತ್ತದೆ. ಅದೇ ಒತ್ತಡವು ಕಿರೀಟ ಧಮನಿಗಳ ಒಳಮೈಯನ್ನು ಕೆಡಿಸಿ, ಅಲ್ಲಿ ಜಿಡ್ಡು ಸೇರಿ ದಾರಿ ಕಿರಿದಾಗಲು ಸಹಾಯ ಮಾಡುತ್ತದೆ. ದಾರಿ ಕಿರಿದಾದ ಕಡೆ, ಅದರ ಮುಂದಿನ ಕಿರುಧಮನಿಗಳು ತಮ್ಮ ಹಿಗ್ಗುವ ಶಕ್ತಿಯನ್ನು ವಿಶ್ರಾಂತಿಯಲ್ಲಿಯೇ ಖರ್ಚು ಮಾಡಿಕೊಂಡಿರುತ್ತವೆ. ಅಂಥವನು ಗುಡ್ಡ ಹತ್ತಿದರೆ, ಸಿಟ್ಟುಗೊಂಡರೆ, ಬಸ್ಸಿನ ಹಿಂದೆ ಓಡಿದರೆ ಎದೆಯ ನಡುವೆ ಹಿಂಡಿದಂಥ ನೋವು ಬರುತ್ತದೆ. ಅದೇ ಹೃದಯಶೂಲೆ. ಹಸಿದ ಮಾಂಸದ ಕೂಗು ಅದು.

ಇಂಥ ಹೃದಯಕ್ಕೆ ರಕ್ತದೊತ್ತಡವು ಶತ್ರುವೂ ಹೌದು, ಅನ್ನದಾತನೂ ಹೌದು. ಒತ್ತಡವನ್ನು ಇಳಿಸಿದರೆ ಹೃದಯದ ಹೊರೆ ಇಳಿದು ಅದರ ಹಸಿವು ಕಡಿಮೆಯಾಗುತ್ತದೆ. ಆದರೆ ಕಿರಿದಾದ ನಾಳದಲ್ಲಿ ರಕ್ತವನ್ನು ನೂಕುವ ಬಲವೂ ಇಳಿಯುತ್ತದೆ. ಯಾವುದು ಹೆಚ್ಚು ಇಳಿಯಿತು ಎಂಬುದರ ಮೇಲೆ ಲಾಭನಷ್ಟ. ಆದುದರಿಂದ ತೋಳಿನ ಪಟ್ಟಿಯ ಮೇಲೆ ಒಂದೇ ಅಂಕಿಯನ್ನು ತೋರಿಸುವ ಎರಡು ಮಾತ್ರೆಗಳು ಹೃದಯಕ್ಕೆ ಒಂದೇ ಅಲ್ಲ. ನಮ್ಮ ಊರುಗಳಲ್ಲಿ ಜಗಲಿಯ ಮೇಲೆ ಕುಳಿತ ಹಿರಿಯರು, “ನಿಮಗೂ ಬಿ.ಪಿ., ನನಗೂ ಬಿ.ಪಿ., ನಿಮ್ಮ ಮಾತ್ರೆಯನ್ನೇ ಎರಡು ದಿನಕ್ಕೆ ಕೊಡಿ ರಾಯರೇ” ಎಂದು ಸಾಲ ಕೇಳುವುದನ್ನು ಯಾರು ಕಂಡಿಲ್ಲ? ಅಕ್ಕಿಯನ್ನು ಸಾಲ ಕೊಡಬಹುದು, ಈ ಮಾತ್ರೆಗಳನ್ನು ಕೊಡಬಾರದು. ಔಷಧಗಳ ಚರಿತ್ರೆಯೇ ಇದಕ್ಕೆ ಸಾಕ್ಷಿ.

ಮೊದಲ ಹೆಸರು ನಮ್ಮ ದೇಶದ್ದೇ. ಪಶ್ಚಿಮ ಘಟ್ಟಗಳಲ್ಲಿಯೂ ಹಿಮಾಲಯದ ತಪ್ಪಲಿನಲ್ಲಿಯೂ ಬೆಳೆಯುವ ಸರ್ಪಗಂಧಿಯ ಬೇರು ರಕ್ತದೊತ್ತಡವನ್ನು ಇಳಿಸುತ್ತದೆಂದು ೧೯೩೧ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸರು ಬರೆದರು. ೧೯೪೯ರಲ್ಲಿ ಮುಂಬಯಿಯ ಹೃದ್ರೋಗತಜ್ಞ ರುಸ್ತುಂ ಜಾಲ್ ವಕೀಲರು ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ ತಮ್ಮ ಅನುಭವವನ್ನು ಪ್ರಕಟಿಸಿದ ಮೇಲೆ ಜಗತ್ತು ಈ ಕಡೆ ತಿರುಗಿ ನೋಡಿತು. ೧೯೫೨ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞರು ಅದರ ಸಾರವಾದ ರೆಸರ್ಪಿನ್ ಎಂಬುದನ್ನು ಬೇರ್ಪಡಿಸಿದರು. ಇದು ನರಗಳ ತುದಿಗಳಲ್ಲಿರುವ ಉತ್ತೇಜಕ ದ್ರವ್ಯದ ದಾಸ್ತಾನನ್ನು ಬರಿದುಮಾಡಿ, ನಾಳಗಳನ್ನು ಸಡಿಲಿಸುವುದರ ಜೊತೆಗೆ ಹೃದಯದ ಬಡಿತವನ್ನೂ ನಿಧಾನಗೊಳಿಸುತ್ತದೆ. ಮನಸ್ಸು ಕುಗ್ಗುವಂಥ ಕೇಡುಗಳು ಕಂಡುಬಂದುದರಿಂದ ಇದರ ಬಳಕೆ ಈಗ ತೀರ ವಿರಳ.

ಹೆಚ್ಚು ಕಡಿಮೆ ಅದೇ ಕಾಲದಲ್ಲಿ ಬಂದ ಹೈಡ್ರಲಜೀನ್ ಎಂಬ ಔಷಧದ ಕಥೆ ಬೇರೆ. ಇದು ಕಿರುಧಮನಿಗಳ ಗೋಡೆಯನ್ನು ನೇರವಾಗಿ ಸಡಿಲಿಸಿ ಒತ್ತಡವನ್ನು ಚೆನ್ನಾಗಿ ಇಳಿಸುತ್ತದೆ. ಆದರೆ ಕೆಲವು ರೋಗಿಗಳಲ್ಲಿ, ಅಂಕಿ ಉತ್ತಮವಾಗುತ್ತಿದ್ದಂತೆಯೇ ಎದೆ ನೋವು ಶುರುವಾಯಿತು! ಕಾರಣ ಹೀಗಿದೆ. ಕುತ್ತಿಗೆಯ ಧಮನಿಗಳಲ್ಲಿಯೂ ಮಹಾಧಮನಿಯ ಕಮಾನಿನಲ್ಲಿಯೂ ಒತ್ತಡವನ್ನು ಸದಾ ಕಾಯುತ್ತಿರುವ ನರತುದಿಗಳಿವೆ. ಒತ್ತಡವು ತಟಕ್ಕನೆ ಇಳಿದರೆ ಅವು ಅಪಾಯವೆಂದು ಬಗೆದು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಮಿದುಳು ಹೃದಯಕ್ಕೆ ಚಾವಟಿ ಬೀಸುತ್ತದೆ. ನಾಡಿ ಓಡತೊಡಗುತ್ತದೆ, ಹೃದಯ ಹೆಚ್ಚು ಬಲದಿಂದ ಬಡಿಯುತ್ತದೆ. ಮೇಲಿನ ಲೆಕ್ಕವನ್ನು ನೆನಪಿಸಿಕೊಂಡರೆ ಮುಂದಿನದು ತಾನಾಗಿ ತಿಳಿಯುತ್ತದೆ: ಊಟದ ಬಿಡುವು ಕಡಿಮೆ, ನೂಕುವ ಒತ್ತಡ ಕಡಿಮೆ, ಹಸಿವು ಮಾತ್ರ ಹೆಚ್ಚು. ಇದರ ಮೇಲೆ ಇನ್ನೊಂದು ಅನ್ಯಾಯವೂ ಆಗಬಹುದು. ಕಾಲುವೆಯ ಮೇಲಿನ ಗದ್ದೆಯವರೆಲ್ಲ ತೂಬುಗಳನ್ನು ಪೂರಾ ತೆರೆದರೆ ಕೊನೆಯ ಗದ್ದೆಗೆ ನೀರು ಬರುವುದೆಂತು? ಆರೋಗ್ಯವಾಗಿರುವ ನಾಳಗಳೆಲ್ಲ ಔಷಧದಿಂದ ಹಿಗ್ಗಿದಾಗ, ಮೊದಲೇ ಪೂರಾ ಹಿಗ್ಗಿಕೊಂಡಿರುವ ರೋಗದ ಭಾಗಕ್ಕೆ ಬರುತ್ತಿದ್ದ ಪಾಲೂ ಕಡಿಮೆಯಾಗಬಹುದು. ಹೈಡ್ರಲಜೀನನ್ನು ಇಂದಿಗೂ ಗರ್ಭಿಣಿಯರ ಏರೊತ್ತಡದಲ್ಲಿಯೂ ಕೆಲವು ಹೃದ್ರೋಗಗಳಲ್ಲಿಯೂ ಬಳಸುತ್ತಾರೆ. ನಾಡಿಗೆ ಕಡಿವಾಣ ಹಾಕುವ ಬೇರೊಂದು ಔಷಧವನ್ನು ಬಹುಮಟ್ಟಿಗೆ ಜೊತೆಗೆ ಕೊಡುವುದುಂಟು.

ಆ ಕಡಿವಾಣವನ್ನು ಒದಗಿಸಿದವರು ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್. ಅಂದಿನ ವೈದ್ಯರು ಹೃದಯಶೂಲೆಗೆ ರಕ್ತದ ಹರಿವನ್ನು ಹೆಚ್ಚಿಸುವ ಔಷಧಗಳನ್ನೇ ಹುಡುಕುತ್ತಿದ್ದರು. ಬ್ಲ್ಯಾಕರು ಪ್ರಶ್ನೆಯನ್ನು ತಿರುಗಿಸಿ ಹಾಕಿದರು: ಊಟವನ್ನು ಹೆಚ್ಚಿಸಲಾಗದಿದ್ದರೆ ಹಸಿವನ್ನೇಕೆ ತಗ್ಗಿಸಬಾರದು? ಅಡ್ರಿನಲಿನ್ ಮೊದಲಾದ ದ್ರವ್ಯಗಳು ಹೃದಯವನ್ನು ಪ್ರಚೋದಿಸುವುದು ಜೀವಕೋಶಗಳ ಮೇಲಿನ ಬೀಟಾ ಗ್ರಾಹಕಗಳೆಂಬ ಸ್ಥಾನಗಳ ಮೂಲಕ. ಬೀಗದಲ್ಲಿ ಬೇರೊಂದು ಕೀಲಿಕೈ ಮುರಿದು ಕುಳಿತರೆ ಸರಿಯಾದ ಕೀಲಿಕೈ ಒಳಹೋಗಲಾರದಷ್ಟೆ. ಅದೇ ತೆರದಲ್ಲಿ ಆ ಸ್ಥಾನಗಳನ್ನು ಆಕ್ರಮಿಸಿಕೊಳ್ಳುವ ಪ್ರೊಪ್ರನಲಾಲ್ ಎಂಬ ವಸ್ತುವನ್ನು ಅವರ ತಂಡವು ಸಿದ್ಧಪಡಿಸಿ ೧೯೬೪ರಲ್ಲಿ ಪ್ರಕಟಿಸಿತು. ಅದು ರಕ್ತದೊತ್ತಡವನ್ನೂ ಇಳಿಸುತ್ತದೆಂಬುದು ತಿಳಿದದ್ದು ರೋಗಿಗಳಿಗೆ ಕೊಡತೊಡಗಿದ ಮೇಲೆ. ಬ್ಲ್ಯಾಕರಿಗೆ ೧೯೮೮ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಬೀಟಾ ಪ್ರತಿಬಂಧಕಗಳೆಂದು ಕರೆಯಲಾಗುವ ಈ ವರ್ಗದ ಔಷಧಗಳು ಕಿರೀಟ ಧಮನಿಗಳನ್ನು ಹಿಗ್ಗಿಸುವುದಿಲ್ಲ. ನಾಡಿಯನ್ನು ನಿಧಾನಗೊಳಿಸಿ ವ್ಯಾಕೋಚನವನ್ನು ದೀರ್ಘವಾಗಿಸುತ್ತವೆ. ಹೃದಯದ ಬಡಿತದ ರಭಸವನ್ನು ತಗ್ಗಿಸುತ್ತವೆ. ನನಗೆ ಈ ವಿಷಯದಲ್ಲೆಲ್ಲ ಅತ್ಯಂತ ಸೊಗಸಾದ ಯೋಚನೆಯೆಂದು ತೋರುವುದು ಇದೇ. ಒಂದು ಅಪಾಯವನ್ನು ಮಾತ್ರ ಮರೆಯಬಾರದು. ಹೃದಯಶೂಲೆಯಿರುವವರು ಈ ಮಾತ್ರೆಯನ್ನು ತಟಕ್ಕನೆ ನಿಲ್ಲಿಸಿದರೆ, ಅಷ್ಟು ದಿನ ತಡೆಹಿಡಿದಿದ್ದ ಪ್ರಚೋದನೆಯೆಲ್ಲ ಒಮ್ಮೆಲೇ ಹೃದಯದ ಮೇಲೆ ಬಿದ್ದು, ನೋವು ಉಲ್ಬಣಿಸಬಹುದು, ಹೃದಯಾಘಾತವೂ ಆಗಬಹುದು. ಊರಿಗೆ ಹೊರಡುವಾಗ ಮಾತ್ರೆ ಮರೆತು ಬಂದೆವೆಂದು ನಗುವ ವಿಷಯವಲ್ಲ. ಗೂರಲು ರೋಗವಿರುವವರಿಗೆ ಈ ವರ್ಗದ ಹಲವು ಔಷಧಗಳು ಸಲ್ಲವು ಎಂಬುದನ್ನೂ ಸೇರಿಸಬೇಕು.

ನಾಳಗಳ ಗೋಡೆಯ ಸ್ನಾಯು ಸಂಕುಚಿತವಾಗಲು ಕ್ಯಾಲ್ಸಿಯಂ ಬೇಕು. ಅದರ ಪ್ರವೇಶವನ್ನು ತಡೆದರೆ ನಾಳ ಸಡಿಲಗೊಳ್ಳುತ್ತದೆಂಬ ತತ್ತ್ವವನ್ನು ೧೯೬೦ರ ದಶಕದಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಫ್ಲೆಕೆನ್‌ಸ್ಟೈನ್ ಬೆಳಸಿದರು. ಹೀಗೆ ಬಂದ ಔಷಧಗಳಲ್ಲಿ ನಿಫೆಡಿಪೀನ್ ಒಂದು. ಕಿರೀಟ ಧಮನಿಗಳನ್ನು ಕೂಡ ಹಿಗ್ಗಿಸುವುದರಿಂದ ಇದು ಹೃದಯಕ್ಕೆ ಹಿತವೆಂದೇ ಎಲ್ಲರೂ ಭಾವಿಸಿದ್ದರು. ಒತ್ತಡ ವಿಪರೀತವಾಗಿ ಏರಿದವರಿಗೆ ಇದರ ಗುಳಿಗೆಯನ್ನು ಚುಚ್ಚಿ ದ್ರವವನ್ನು ನಾಲಗೆಯ ಕೆಳಗೆ ಹಿಂಡುವ ಪದ್ಧತಿ ಅನೇಕ ದೇಶಗಳಲ್ಲಿ ವರ್ಷಗಟ್ಟಲೆ ನಡೆಯಿತು. ಕೆಲವೇ ನಿಮಿಷಗಳಲ್ಲಿ ಅಂಕಿ ಧೊಪ್ಪನೆ ಇಳಿಯುತ್ತಿತ್ತು. ನೋಡುವವರಿಗೆ ಅದೊಂದು ಸಮಾಧಾನ. ಆದರೆ ಹೈಡ್ರಲಜೀನಿನಲ್ಲಿ ಕಂಡ ಚಾವಟಿಯೇಟು ಇಲ್ಲಿಯೂ ಕಾದಿತ್ತು. ಹೃದಯಾಘಾತ, ಪಾರ್ಶ್ವವಾಯುಗಳ ವರದಿಗಳು ಕೂಡುತ್ತ ಹೋಗಿ, ೧೯೯೬ರಲ್ಲಿ ಅಮೆರಿಕದ ಪ್ರಮುಖ ವೈದ್ಯಪತ್ರಿಕೆಯೊಂದರಲ್ಲಿ ಈ ಪದ್ಧತಿಯನ್ನೇ ನಿಲ್ಲಿಸಬಾರದೇಕೆಂದು ತಜ್ಞರು ಕೇಳಿದರು. ಅದೇ ಕುಟುಂಬದ ಅಮ್ಲೊಡಿಪೀನ್ ಹೀಗಲ್ಲ. ಅದು ರಕ್ತದಲ್ಲಿ ನಿಧಾನವಾಗಿ ಸೇರಿ ನಿಧಾನವಾಗಿ ಕರಗುತ್ತದೆ. ಒಳಗಿರುವ ಪ್ರಮಾಣ ಅರ್ಧಕ್ಕೆ ಇಳಿಯಲು ೩೫ರಿಂದ ೫೦ ಗಂಟೆ ಬೇಕು. ಕಾವಲಿನ ನರತುದಿಗಳು ಗಾಬರಿಗೊಳ್ಳುವಷ್ಟು ವೇಗವಾಗಿ ಒತ್ತಡ ಬದಲಾಗುವುದಿಲ್ಲ. ವಸ್ತುವಿನ ಗುಣದಷ್ಟೇ ಅದರ ವೇಗವೂ ಮುಖ್ಯವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಲಾರದು.

ಇನ್ನೊಂದು ವರ್ಗ ಬಂದದ್ದು ಹಾವಿನ ವಿಷದಿಂದ. ಬ್ರೆಜಿಲ್ ದೇಶದ ಜರಾರಾಕಾ ಎಂಬ ಮಂಡಲದ ಜಾತಿಯ ಹಾವಿನ ವಿಷವನ್ನು ಅಭ್ಯಸಿಸುತ್ತಿದ್ದ ಸೆರ್ಜಿಯೊ ಫೆರೇರಾ ಅವರು ೧೯೬೫ರಲ್ಲಿ ಅದರಲ್ಲಿದ್ದ ವಿಚಿತ್ರ ಅಂಶವೊಂದನ್ನು ವರ್ಣಿಸಿದರು. ಮೂತ್ರಪಿಂಡಗಳು ಹೊರಡಿಸುವ ರೆನಿನ್ ಎಂಬ ದ್ರವ್ಯದಿಂದ ಆರಂಭವಾಗಿ ಆಂಜಿಯೊಟೆನ್ಸಿನ್ ಎಂಬ ನಾಳಸಂಕೋಚಕ ತಯಾರಾಗುತ್ತದೆ. ಅದರ ತಯಾರಿಕೆಯ ಕೊನೆಯ ಹಂತವನ್ನು ಈ ಅಂಶ ತಡೆಯುತ್ತದೆಂದು ಮುಂದೆ ಗೊತ್ತಾಯಿತು. ಅಮೆರಿಕದ ಕುಷ್‌ಮನ್ ಮತ್ತು ಒಂಡೆಟ್ಟಿ ಎಂಬ ಇಬ್ಬರು ವಿಜ್ಞಾನಿಗಳು ಇದೇ ಜಾಡಿನಲ್ಲಿ ನಡೆದು ಬಾಯಿಯಿಂದ ಸೇವಿಸಬಹುದಾದ ಕ್ಯಾಪ್ಟೊಪ್ರಿಲನ್ನು ರಚಿಸಿದರು. ೧೯೮೧ರಲ್ಲಿ ಅದಕ್ಕೆ ಅಮೆರಿಕದಲ್ಲಿ ಮನ್ನಣೆ ದೊರೆಯಿತು. ಈ ಔಷಧಗಳು ಒತ್ತಡವನ್ನು ಇಳಿಸಿದರೂ ನಾಡಿಯನ್ನು ಓಡಿಸುವುದಿಲ್ಲ. ದಪ್ಪವಾದ ಹೃದಯದ ಗೋಡೆಯನ್ನು ಕಾಲಕ್ರಮದಲ್ಲಿ ತೆಳುವಾಗಿಸಲೂ ಇವು ನೆರವಾಗುತ್ತವೆ. ಸೋತ ಹೃದಯಕ್ಕೆ ಇವು ಆಸರೆಯಾಗುತ್ತವೆಂಬುದು ಇದೇ ವರ್ಗದ ಎನಲಾಪ್ರಿಲ್ ಕುರಿತು ೧೯೮೭ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ಸ್ಪಷ್ಟವಾಯಿತು. ತೀವ್ರ ಹೃದಯವೈಫಲ್ಯದಿಂದ ನರಳುತ್ತಿದ್ದವರಲ್ಲಿ ಸಾವುಗಳು ಕಡಿಮೆಯಾದುವು.

ಅಂಕಿಯೊಂದನ್ನೇ ನಂಬಬಾರದೆಂಬುದನ್ನು ಎಲ್ಲಕ್ಕಿಂತ ಕಟುವಾಗಿ ತೋರಿಸಿದ್ದು ಅಮೆರಿಕದಲ್ಲಿ ನಡೆದ ಆಲ್‌ಹ್ಯಾಟ್ ಎಂಬ ಬೃಹತ್ ಪರೀಕ್ಷೆ. ಅದರಲ್ಲಿ ಒಂದು ಗುಂಪಿಗೆ ಕ್ಲೋರ್ತಾಲಿಡೋನ್ ಎಂಬ ಹಳೆಯ, ಅಗ್ಗದ ಮೂತ್ರವರ್ಧಕವನ್ನೂ ಇನ್ನೊಂದು ಗುಂಪಿಗೆ ಡಾಕ್ಸಜೊಸಿನ್ ಎಂಬ ನಾಳಸಡಿಲಕವನ್ನೂ ಕೊಟ್ಟಿದ್ದರು. ಎರಡನೆಯದೂ ಒತ್ತಡವನ್ನು ಬಹುಮಟ್ಟಿಗೆ ಇಳಿಸುತ್ತಿತ್ತು. ಹಾಗಿದ್ದರೂ ಆ ಗುಂಪಿನಲ್ಲಿ ಹೃದಯವೈಫಲ್ಯಕ್ಕೆ ಒಳಗಾದವರ ಪ್ರಮಾಣ ಎರಡರಷ್ಟಾಯಿತು. ೨೦೦೦ದಲ್ಲಿ ಆ ಭಾಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ೨೦೦೨ರಲ್ಲಿ ಪ್ರಕಟವಾದ ಉಳಿದ ಭಾಗದಲ್ಲಿ ಮೂತ್ರವರ್ಧಕ, ಅಮ್ಲೊಡಿಪೀನ್, ಲಿಸಿನೊಪ್ರಿಲ್ ಈ ಮೂರನ್ನೂ ೩೩,೩೫೭ ಜನರಲ್ಲಿ ಹೋಲಿಸಿದರು. ಹೃದಯಾಘಾತದ ಮಟ್ಟಿಗೆ ಮೂರೂ ಸಮನಾಗಿದ್ದುವು. ಹೃದಯವೈಫಲ್ಯವನ್ನು ತಡೆಯುವುದರಲ್ಲಿ ಅಗ್ಗದ ಮೂತ್ರವರ್ಧಕವೇ ಮುಂದಾಯಿತು. ಅದಕ್ಕೂ ದೋಷವಿಲ್ಲದಿಲ್ಲ. ಮೂತ್ರದ ಜೊತೆಗೆ ಪೊಟ್ಯಾಸಿಯಂ ಹೊರಟುಹೋದರೆ ಹೃದಯದ ಲಯ ತಪ್ಪಬಹುದು. ವೈದ್ಯರು ನಡುನಡುವೆ ರಕ್ತಪರೀಕ್ಷೆ ಮಾಡಿಸುವುದು ಈ ಕಾರಣದಿಂದಲೇ.

ಹಾಗಾದರೆ ಒತ್ತಡವನ್ನು ಎಲ್ಲಿಯವರೆಗೆ ಇಳಿಸಬೇಕು? ಇಲ್ಲಿ ಪಂಡಿತರಲ್ಲಿ ಜಗಳ ಮುಗಿದಿಲ್ಲ. ೧೯೮೭ರಲ್ಲಿ ಕ್ರುಕ್‌ಶ್ಯಾಂಕ್ ಮತ್ತು ಅವರ ಸಂಗಡಿಗರು ಒಂದು ಎಚ್ಚರಿಕೆ ಕೊಟ್ಟರು. ಮೊದಲೇ ಕಿರೀಟ ಧಮನಿಗಳ ರೋಗವಿದ್ದವರಲ್ಲಿ, ಚಿಕಿತ್ಸೆಯಿಂದ ವ್ಯಾಕೋಚನದ ಒತ್ತಡ ಇಳಿದಂತೆಲ್ಲ ಹೃದಯಾಘಾತದ ಸಾವುಗಳು ಮೊದಲು ಕಡಿಮೆಯಾಗಿ, ಒಂದು ಮಟ್ಟಕ್ಕಿಂತ ಕೆಳಗೆ ಹೋದರೆ ಮತ್ತೆ ಹೆಚ್ಚಿದುವು. ಅಂಥ ರೋಗವಿಲ್ಲದವರಲ್ಲಿ ಈ ಏರಿಕೆ ಕಾಣಲಿಲ್ಲ. ೨೦೧೬ರಲ್ಲಿ ೪೫ ದೇಶಗಳ ೨೨,೬೭೨ ಹೃದ್ರೋಗಿಗಳನ್ನು ಗಮನಿಸಿದ ಅಧ್ಯಯನದಲ್ಲಿಯೂ ಒತ್ತಡ ೧೨೦ಕ್ಕಿಂತ ಅಥವಾ ೭೦ಕ್ಕಿಂತ ಕೆಳಗಿದ್ದವರಿಗೆ ಅಪಾಯ ಹೆಚ್ಚಾಗಿಯೇ ಕಂಡಿತು. ನಮ್ಮ ಊಟದ ಲೆಕ್ಕಕ್ಕೆ ಇದು ಸರಿಯಾಗಿ ಹೊಂದುತ್ತದೆ. ಆದರೆ ಹೊಂದುತ್ತದೆಂದ ಮಾತ್ರಕ್ಕೆ ಒಪ್ಪಿಬಿಡುವುದು ವಿಜ್ಞಾನದ ದಾರಿಯಲ್ಲ. ಧಮನಿಗಳು ಮೊದಲೇ ಪೆಡಸಾಗಿ ಹೋದವರಲ್ಲಿ ಕೆಳಗಿನ ಅಂಕಿ ತಾನಾಗಿಯೇ ಇಳಿದಿರುತ್ತದೆ. ರೋಗದಿಂದ ಬಡವಾದವರಲ್ಲಿಯೂ ಇಳಿದಿರುತ್ತದೆ. ಅವರು ಸತ್ತದ್ದು ಒತ್ತಡ ಇಳಿದುದರಿಂದಲೋ, ಒತ್ತಡವನ್ನು ಇಳಿಸಿದ ರೋಗದಿಂದಲೋ? ಬರಿಯ ಗಮನಿಸುವಿಕೆಯಿಂದ ಇದನ್ನು ಬಿಡಿಸಲಾಗದು. ಚೀಟಿ ಎತ್ತಿದಂತೆ ಜನರನ್ನು ಎರಡು ಗುಂಪು ಮಾಡಿ ನೋಡಿದ ಸ್ಪ್ರಿಂಟ್ ಎಂಬ ಪರೀಕ್ಷೆಯು ೨೦೧೫ರಲ್ಲಿ ಬೇರೆಯ ಮಾತನ್ನೇ ಹೇಳಿತು. ಸಕ್ಕರೆ ರೋಗವಿಲ್ಲದ, ಐವತ್ತು ದಾಟಿದ ೯,೩೬೧ ಜನರಲ್ಲಿ ಮೇಲಿನ ಅಂಕಿಯನ್ನು ೧೪೦ಕ್ಕಿಂತ ಕೆಳಗಿಡುವ ಬದಲು ೧೨೦ಕ್ಕಿಂತ ಕೆಳಗಿಡಲು ಯತ್ನಿಸಿದಾಗ ಹೃದಯ ಮತ್ತು ರಕ್ತನಾಳಗಳ ಪ್ರಮುಖ ಆಪತ್ತುಗಳು ಕಾಲುಭಾಗದಷ್ಟು ಕಡಿಮೆಯಾದುವು. ಜೊತೆಗೆ ತಲೆತಿರುಗಿ ಬೀಳುವುದು, ಮೂತ್ರಪಿಂಡಗಳಿಗೆ ತೊಂದರೆಯಾಗುವುದು ಇವು ಹೆಚ್ಚಾದುವು.

ಎರಡು ಪಕ್ಷಗಳ ನಡುವೆ ಸಿಕ್ಕಿದ ವೈದ್ಯನು ಮಾಡುವುದಿಷ್ಟು. ಕಿರೀಟ ಧಮನಿಗಳು ಕಿರಿದಾಗಿವೆಯೆಂದು ತಿಳಿದ ಮುದುಕರಲ್ಲಿ ಒತ್ತಡವನ್ನು ದಿನಗಳಲ್ಲಿ ಅಲ್ಲ, ವಾರಗಳಲ್ಲಿ ಇಳಿಸುತ್ತಾನೆ. ಕುಳಿತಾಗಲೂ ನಿಂತಾಗಲೂ ಅಳೆಯುತ್ತಾನೆ. ಮಾತ್ರೆ ನುಂಗಲು ಶುರು ಮಾಡಿದ ಮೇಲೆ ಏಳುವಾಗ ಕಣ್ಣು ಕತ್ತಲೆ ಬರುವುದೇ, ನಡೆಯುವಾಗ ಎದೆ ಬಿಗಿಯುವುದೇ ಎಂದು ಕೇಳುತ್ತಾನೆ. ತೋಳಿನ ಪಟ್ಟಿಯನ್ನು ಬಿಚ್ಚಿದ ಮೇಲೆ ಮಣಿಕಟ್ಟಿನ ಮೇಲೆ ಬೆರಳಿಟ್ಟು, ಗಡಿಯಾರದ ಕಡೆ ನೋಡುತ್ತ ನಾಡಿಯನ್ನೂ ಎಣಿಸುತ್ತಾನೆ.